ಹಳೇ ಬೈಕಿಗೆ ಆಲ್ಟರ್ನೇಟರ್: ಬೆಲ್ಟ್ ಆರಿಸುವ ಸೂತ್ರಗಳು

ಆಟಿಯ ಮಳೆಯಲ್ಲಿ ಕಾಪುವಿನಿಂದ ಶಿರ್ವ ದಾಟಿ ಕಾರ್ಕಳಕ್ಕೆ ರಾತ್ರಿ ಹೊರಟವರಿಗೆ ಗೊತ್ತು, ಹಳೇ ಬ್ರಿಟಿಷ್ ಬೈಕಿನ 6 ವೋಲ್ಟ್ ದೀಪಕ್ಕೆ ರಸ್ತೆಯ ಗುಂಡಿ ಕಾಣುವುದಿಲ್ಲ. ಡೈನಮೋ ತೆಗೆದು 12 ವೋಲ್ಟಿನ ಆಲ್ಟರ್ನೇಟರ್ ಹಾಕುವುದು ಶೋಕಿಯಲ್ಲ, ಸವಾರನ ಜೀವದ ಪ್ರಶ್ನೆ. ಅದನ್ನು ತಿರುಗಿಸುವ ಬೆಲ್ಟನ್ನು ಅಂದಾಜಿನ ಮೇಲೆ ಕೊಳ್ಳಬೇಡಿ.

1. ಬೆಲ್ಟ್ ಬೇಕೇ ಎಂದು ಮೊದಲು ನೋಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಕ್ರ್ಯಾಂಕ್ ತುದಿಯಲ್ಲೇ ಕರೆಂಟು ಹುಟ್ಟುತ್ತದೆ. ಬುಲೆಟ್ಟಿನ ಆಲ್ಟರ್ನೇಟರ್ ಕೂಡ ಹಾಗೆಯೇ. ಇವಕ್ಕೆ ಅದೇ ಜಾಗದಲ್ಲಿ ಕೂರುವ 12 ವೋಲ್ಟ್ ಕಿಟ್ ಸಾಕು. ಯುದ್ಧಕಾಲದ ಬಿಎಸ್ಎ ಎಂ20ರಲ್ಲಿ, ಮ್ಯಾಗ್ನೆಟೋ, ಡೈನಮೋ ಎರಡೂ ಸೇರಿದ ಮ್ಯಾಗ್‌ಡೈನೋ ಓಡುವುದು ಗೇರಿನಿಂದ. ಬೆಲ್ಟಿನ ಮಾತು ಬರುವುದು ಬಿಎಸ್ಎಯ ಎ7, ಎ10ರಂಥ, ಚೈನಿನಿಂದ ಡೈನಮೋ ಓಡಿಸುವ ಬೈಕುಗಳಿಗೆ.

2. ಅಗಲದ ಆಸೆ ಬಿಡಿ. ಇಂಥ ಬೈಕುಗಳಲ್ಲಿದ್ದ ಲೂಕಾಸ್ ಇ3ಎಲ್ ಡೈನಮೋ ಕೊಡುತ್ತಿದ್ದದ್ದು 60 ವ್ಯಾಟ್. 100 ವ್ಯಾಟಿನ ಆಲ್ಟರ್ನೇಟರೂ ಸುಮಾರು ಕಾಲು ಕುದುರೆ ಶಕ್ತಿಯನ್ನಷ್ಟೇ ಬೇಡುತ್ತದೆ. 9 ಮಿ.ಮೀ. ಅಗಲದ ಬೆಲ್ಟ್ ಧಾರಾಳವಾಯಿತು.

3. ನಿಧಾನಗತಿಗೆ ಲೆಕ್ಕ ಹಾಕಿ. ಹೆದ್ದಾರಿಯಲ್ಲಿ ಎಲ್ಲ ಆಲ್ಟರ್ನೇಟರೂ ಚಾರ್ಜ್ ಮಾಡುತ್ತದೆ. ಬ್ಯಾಟರಿ ಸೋಲುವುದು ಉಡುಪಿಯ ಕಲ್ಸಂಕದ ದಟ್ಟಣೆಯಲ್ಲಿ. ಪುಲ್ಲಿ ಕೂರುವ ಶಾಫ್ಟ್ ಅಲ್ಲಿ ನಿಮಿಷಕ್ಕೆ 1,200 ಸುತ್ತು ತಿರುಗುತ್ತದೆ, ಆಲ್ಟರ್ನೇಟರ್ ಚಾರ್ಜ್ ಶುರು ಮಾಡುವುದು 1,800ಕ್ಕೆ ಎಂದುಕೊಳ್ಳಿ. ಆಗ 1.5ರ ಅನುಪಾತ ಬೇಕು: ಓಡಿಸುವ ಪುಲ್ಲಿಗೆ 30 ಹಲ್ಲು, ಆಲ್ಟರ್ನೇಟರಿಗೆ 20. ಅದೇ ಶಾಫ್ಟ್ 5,500ಕ್ಕೆ ಏರಿದರೆ ಆಲ್ಟರ್ನೇಟರ್ 8,250ಕ್ಕೆ ಹೋಗುತ್ತದೆ; ಅದು ತಾಳುವ ವೇಗವೇ ಎಂದು ಕಂಪನಿಯ ಕಾಗದ ನೋಡಿ. ಶಾಫ್ಟ್ ಕ್ಯಾಮ್ ವೇಗದ್ದಾದರೆ ಎಂಜಿನ್ನಿನ ಅರ್ಧ ವೇಗ ಮಾತ್ರ. ಬಹಳ ಜನ ಎಡವುವುದು ಇಲ್ಲೇ.

4. ಹಲ್ಲಿನ ಬೆಲ್ಟೇ ಇರಲಿ. ವಿ-ಬೆಲ್ಟ್ ನೀರು ಬಿದ್ದರೆ ಜಾರುತ್ತದೆ, ಜಾರದಂತೆ ಬಿಗಿದರೆ ಬೇರಿಂಗ್ ಹೋಗುತ್ತದೆ. ಹಲ್ಲಿನದರಲ್ಲೂ ಎಚ್ಚರ ಬೇಕು. 5ಎಂ ಬೆಲ್ಟಿನ ಹಲ್ಲುಗಳ ಅಂತರ 5 ಮಿ.ಮೀ., ಎಕ್ಸ್‌ಎಲ್‌ನದು 5.08. ಕಣ್ಣಿಗೆ ಎರಡರ ಅಂತರವೂ ಒಂದೇ. ಆದರೆ ಮೊದಲನೆಯದರ ಹಲ್ಲು ಗುಂಡಗೆ, ಎರಡನೆಯದರದು ಮೂಲೆ ಮೂಲೆ. ಒಂದರ ಪುಲ್ಲಿಗೆ ಇನ್ನೊಂದನ್ನು ಹಾಕಿದರೆ ಹಲ್ಲು ಕಿತ್ತು ಬರುತ್ತದೆ. ಪುಲ್ಲಿ, ಬೆಲ್ಟ್ ಎರಡನ್ನೂ ಒಟ್ಟಿಗೇ ಕೊಳ್ಳಿ. ಚಿಕ್ಕ ಪುಲ್ಲಿಯಲ್ಲಿ ಕನಿಷ್ಠ ಆರು ಹಲ್ಲು ಕಚ್ಚಿರಬೇಕು.

5. ಉದ್ದ ಸುಲಭ. ಎರಡು ಶಾಫ್ಟುಗಳ ನಡುವೆ 100 ಮಿ.ಮೀ. ಇದ್ದು 5ಎಂನ 30-20ರ ಜೋಡಿಯಾದರೆ 65 ಹಲ್ಲಿನ, ಅಂದರೆ 325 ಮಿ.ಮೀ. ಬೆಲ್ಟ್ ಕೂರುತ್ತದೆ.

6. ಎಣ್ಣೆ ತಾಗಲೇಬಾರದು. ಚೈನಿಗೆ ಗ್ರೀಸ್, ಎಣ್ಣೆ ಬೇಕಿತ್ತು. ರಬ್ಬರ್ ಬೆಲ್ಟ್ ಅದರಲ್ಲೇ ಉಬ್ಬಿ ಹಾಳಾಗುತ್ತದೆ. ಮೊದಲು ಆಯಿಲ್ ಸೀಲ್ ಹಾಕಿ, ಒಂದು ವಾರ ಓಡಿಸಿ, ಕವರ್ ತೆಗೆದು ಬೆರಳಾಡಿಸಿ. ಒಣಗಿದ್ದರೆ ಮುಂದುವರಿಯಿರಿ. ಕಾಪು ಕಡಲ ಬದಿಯವರು ಉಕ್ಕಿನ ಪುಲ್ಲಿಗಿಂತ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಆರಿಸಲಿ. ಉಪ್ಪುಗಾಳಿಗೆ ತುಕ್ಕು ಹಿಡಿದ ಹಲ್ಲು ಬೆಲ್ಟನ್ನು ಅರದಂತೆ ತಿನ್ನುತ್ತದೆ.

7. ಬಿಗಿ ಸ್ವಲ್ಪವೇ ಸಾಕು. ಇ3ಎಲ್‌ನ ಶಾಫ್ಟ್ ಅದರ ದುಂಡು ಮೈಯ ನಡುವಿನಲ್ಲಿಲ್ಲ, ಬದಿಗಿದೆ. ಪಟ್ಟಿ ಸಡಿಲಿಸಿ ಇಡೀ ಮೈಯನ್ನು ತುಸು ತಿರುಗಿಸಿದರೆ ಶಾಫ್ಟ್ ಸರಿಯುತ್ತದೆ, ಚೈನ್ ಬಿಗಿಯಾಗುತ್ತದೆ. ಎಷ್ಟು ಚೆಂದದ ಯೋಚನೆ! ಕೊಳ್ಳುವ ಆಲ್ಟರ್ನೇಟರಿನಲ್ಲೂ ಇದೇ ಏರ್ಪಾಡು ಇದ್ದರೆ ಬೇರೆ ಟೆನ್ಷನರ್ ಬೇಡ. ಎರಡು ಪುಲ್ಲಿಗಳ ಮುಖಕ್ಕೆ ಉಕ್ಕಿನ ಸ್ಕೇಲ್ ಹಿಡಿದು ನೇರ ನೋಡಿಕೊಳ್ಳಿ.

8. ಅರ್ತ್ ಪರೀಕ್ಷಿಸಿ. ಆ ಕಾಲದ ಅನೇಕ ಬ್ರಿಟಿಷ್ ಬೈಕುಗಳು ಪಾಸಿಟಿವ್ ಅರ್ತ್. ಉಲ್ಟಾ ಜೋಡಿಸಿದರೆ ರೆಗ್ಯುಲೇಟರ್ ಕ್ಷಣದಲ್ಲಿ ಸುಡುತ್ತದೆ.

9. ಮ್ಯಾಗ್ನೆಟೋ ಸರಿಯಿದ್ದರೆ ಅದನ್ನು ಕಿತ್ತುಹಾಕಬೇಡಿ. ಅದರ ಕಿಡಿಗೆ ಬ್ಯಾಟರಿ ಬೇಡ. ಆಗುಂಬೆ ಘಾಟಿಯಲ್ಲಿ ಬೆಲ್ಟ್ ತುಂಡಾದರೂ ಎಂಜಿನ್ ನಿಲ್ಲುವುದಿಲ್ಲ, ಬ್ಯಾಟರಿಯಲ್ಲಿ ಉಳಿದದ್ದು ದೀಪಕ್ಕೆ ಸಿಗುತ್ತದೆ. ಹೆಚ್ಚುವರಿ ಬೆಲ್ಟ್ ಒಂದು ಜೊತೆಗಿರಲಿ. ಮಡಚಿ ತುರುಕಬೇಡಿ, ಒಳಗಿನ ಎಳೆ ಮುರಿಯುತ್ತದೆ.