ಬಿಸಿಲು ತಾಳುವ ಹಿತ್ತಲ ಹೂ: ಗಲಾಟೆ

ಬೇಸಿಗೆ ಬಂತೆಂದರೆ ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಿತ್ತಲುಗಳು ಬರಿದಾಗುತ್ತವೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಬಾವಿಗಳು ತಳ ಕಾಣುತ್ತವೆ. ಬಸವ ಜಯಂತಿ ಮತ್ತು ಮದುವೆಗಳೂ ಇದೇ ಕಾಲಕ್ಕೆ ಬರುವುದರಿಂದ ಹೂವಿಗೆ ಬೇಡಿಕೆ ಹೆಚ್ಚು. ತಂಪು ದೇಶಗಳ ಬೇಸಿಗೆ ತೋಟಗಳಲ್ಲಿ ಗಟ್ಟಿ ಜಾತಿಯ ಜಿರೇನಿಯಂ ಗಿಡಗಳನ್ನು ಬೆಳೆಸುತ್ತಾರೆ. ಅವು ಹಿಮವನ್ನು ತಾಳಬಲ್ಲವು; ನಮ್ಮ ಬಿಸಿಲನ್ನಲ್ಲ. ನಮ್ಮಲ್ಲಿ ಆ ಸ್ಥಾನ ತುಂಬಬಲ್ಲ ಹೂವೆಂದರೆ ಗಲಾಟೆ, ಅಂದರೆ ಗೈಲಾರ್ಡಿಯಾ.

ತಳಿ ಮತ್ತು ಮಣ್ಣು

ಗಲಾಟೆ ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು, ಅಮೆರಿಕ ಮೂಲದ್ದು. ಅಲ್ಲಿ ಕಡಲತೀರದ ಮರಳಿನಲ್ಲೂ ಬೆಳೆಯುವುದರಿಂದ ತುಸು ಉಪ್ಪು ನೀರನ್ನೂ ಸಹಿಸುತ್ತದೆ. ಒಂದೇ ಸುತ್ತು ಎಸಳಿನ ಪಿಕ್ಟಾ ಅಂಗಳದ ಅಂದಕ್ಕೆ ಸಾಕು. ಮಾಲೆ ಮತ್ತು ಮಾರಾಟಕ್ಕೆ ಉಂಡೆಯಂತೆ ತುಂಬಿದ ಎಸಳಿನ ಲೊರೆಂಜಿಯಾನಾ ಉತ್ತಮ. ನೀರು ಬಸಿಯುವ ಮಸಾರಿ ಮಣ್ಣು ಯೋಗ್ಯ. ಎರೆಭೂಮಿಯಲ್ಲಿ ಬೋದು ಎತ್ತಿ, ಬೋದಿನ ಮಗ್ಗುಲಿಗೆ ನಾಟಿ ಮಾಡಬೇಕು. ಈ ಗಿಡ ಬಿಸಿಲಿಗಿಂತ ನಿಂತ ನೀರಿಗೆ ಬೇಗ ಸಾಯುತ್ತದೆ ಎಂಬುದನ್ನು ಮರೆಯಬಾರದು.

ಸಸಿಮಡಿ ಮತ್ತು ನಾಟಿ

ಡಿಸೆಂಬರ್ ಕೊನೆಯ ವಾರದಿಂದ ಜನವರಿ 15ರೊಳಗೆ ಬೀಜ ಬಿತ್ತಬೇಕು. ಹೀಗೆ ಮಾಡಿದರೆ ಬಿಸಿಲು ಏರುವ ಮೊದಲೇ ಬೇರು ಆಳಕ್ಕಿಳಿದು, ಏಪ್ರಿಲ್‌ನಲ್ಲಿ ಹೂ ಆರಂಭವಾಗುತ್ತದೆ. ಮಾರ್ಚ್‌ನಲ್ಲಿ ಬಿತ್ತಿದರೆ ಎಳೆಯ ಸಸಿಗಳೇ ಬಿಸಿಲಿಗೆ ಸಿಗುತ್ತವೆ.

ಒಂದು ಗುಂಟೆಗೆ 10 ಗ್ರಾಂ ಬೀಜ ಸಾಕು. 2 ಮೀಟರ್ ಉದ್ದ, 1 ಮೀಟರ್ ಅಗಲದ ಏರುಮಡಿಯಲ್ಲಿ ಸಾಲಾಗಿ ಬಿತ್ತಿ, ಜರಡಿ ಹಿಡಿದ ಗೊಬ್ಬರವನ್ನು ತೆಳುವಾಗಿ ಮುಚ್ಚಬೇಕು. 4-5 ವಾರದ ಸಸಿಗಳನ್ನು ಸಂಜೆಯ ಹೊತ್ತು 45 ಸೆಂಟಿಮೀಟರ್ ಅಂತರದಲ್ಲಿ ನಾಟಿ ಮಾಡಬೇಕು. ಗುಂಟೆಗೆ ಸುಮಾರು 500 ಗಿಡ ಹಿಡಿಯುತ್ತವೆ.

ಗೊಬ್ಬರ

ನಾಟಿಗೆ ಮುನ್ನ ಗುಂಟೆಗೆ 2 ಕ್ವಿಂಟಲ್ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸೇರಿಸಬೇಕು. ಬೆಳವಣಿಗೆ ಕುಂದಿದ್ದರೆ 1 ಕಿಲೋ ಯೂರಿಯಾವನ್ನು ಎರಡು ಕಂತುಗಳಲ್ಲಿ ಕೊಡಬಹುದು. ಸಾರಜನಕ ಹೆಚ್ಚಾದರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ.

ನೀರಿನ ಲೆಕ್ಕ

ಎಷ್ಟು ಜಾಗದಲ್ಲಿ ಹೂ ಹಾಕಬೇಕೆಂಬುದನ್ನು ಭೂಮಿ ನೋಡಿ ಅಲ್ಲ, ಮೇ ತಿಂಗಳ ನೀರು ನೋಡಿ ನಿರ್ಧರಿಸಬೇಕು. ಒಂದು ಗುಂಟೆಗೆ 25 ಮಿಲಿಮೀಟರ್ ಆಳದ ನೀರು ಕೊಡಲು ಸುಮಾರು 2,500 ಲೀಟರ್ ಬೇಕು. ಮಾರ್ಚ್ ಕೊನೆಯವರೆಗೆ ವಾರಕ್ಕೊಮ್ಮೆ, ಏಪ್ರಿಲ್-ಮೇಯಲ್ಲಿ 4 ದಿನಕ್ಕೊಮ್ಮೆ ಇಷ್ಟು ನೀರು ಹಾಯಿಸಬೇಕು. ಇಷ್ಟು ನೀರಿಲ್ಲದವರು ಕಾಲು ಗುಂಟೆಯಲ್ಲಿ 125 ಗಿಡ ಹಾಕಲಿ. ಅದಕ್ಕೆ ಕಡು ಬೇಸಿಗೆಯಲ್ಲಿ ದಿನಕ್ಕೆ ಸರಾಸರಿ 160 ಲೀಟರ್, ಅಂದರೆ 15 ಲೀಟರಿನ 11 ಕೊಡ ನೀರು ಸಾಕು. ಜಳಕದ ಹಾಗೂ ಪಾತ್ರೆ ತೊಳೆದ ನೀರನ್ನು ಸರದಿಯ ಮೇಲೆ ಸಾಲುಗಳಿಗೆ ತಿರುಗಿಸಬಹುದು. ಬಟ್ಟೆ ಒಗೆದ ಸೋಡಾ-ಸಾಬೂನಿನ ನೀರು ಬೇಡ.

ದಿನವೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಬಿಟ್ಟು ಬಿಟ್ಟು ಆಳವಾಗಿ ನೆನೆಸುವುದೇ ಲೇಸು. ಎರೆಭೂಮಿ ಬಿರಿದರೆ ಬೇರು ಹರಿದು, ತೇವ ಆರಿಹೋಗುತ್ತದೆ. ಆದ್ದರಿಂದ ಎಡೆ ಹೊಡೆದ ನಂತರ ಸಾಲುಗಳ ನಡುವೆ ಜೋಳದ ರವದಿ ಅಥವಾ ತೊಗರಿ ಹೊಟ್ಟನ್ನು 5 ಸೆಂಟಿಮೀಟರ್ ದಪ್ಪ ಹರಡಬೇಕು.

ರೋಗ-ಕೀಟ

ಹೇನು ಕಂಡರೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸಬೇಕು. ಹೂ ಹಸಿರಾಗಿ ಎಲೆಯಂತೆ ತಿರುಗಿದರೆ ಅದು ಜಿಗಿಹುಳು ಹರಡುವ ರೋಗ. ಅಂಥ ಗಿಡವನ್ನು ಕಿತ್ತು ಸುಡಬೇಕು. ಔಷಧದಿಂದ ಅದು ವಾಸಿಯಾಗದು.

ಕೊಯ್ಲು ಮತ್ತು ಬೀಜ

ಪೂರ್ತಿ ಅರಳಿದ ಹೂಗಳನ್ನು 3-4 ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಕೊಯ್ದು, ಒದ್ದೆ ಗೋಣಿತಾಟು ಮುಚ್ಚಿದ ಬುಟ್ಟಿಯಲ್ಲಿ ಪೇಟೆಗೆ ಒಯ್ಯಬೇಕು. ಗಿಡದ ಮೇಲೆ ಹೂ ಒಣಗಲು ಬಿಟ್ಟರೆ ಗಿಡ ಬೀಜ ಕಟ್ಟುವುದಕ್ಕೆ ತೊಡಗಿ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಬೀಜಕ್ಕೆಂದು ಹತ್ತಾರು ಒಳ್ಳೆಯ ಗಿಡಗಳನ್ನು ಮಾತ್ರ ಗುರುತಿಸಿ ಬಿಡಬೇಕು. ಜೇನ್ನೊಣಗಳಿಂದ ಬಣ್ಣಗಳು ಬೆರೆಯುತ್ತವೆ. ಒಂದೇ ಬಣ್ಣ ಬೇಕಾದವರು ಬೀಜದ ಗಿಡಗಳನ್ನು ದೂರ ಬೆಳೆಸಬೇಕು.

ಆಸಕ್ತ ರೈತ ಬಾಂಧವರು ಮಣ್ಣು ಮತ್ತು ನೀರಿನ ಪರೀಕ್ಷೆಗೆ ವಿಜಯಪುರ ಅಥವಾ ಇಂಡಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು. ಮೊದಲ ವರ್ಷ ಕಾಲು ಗುಂಟೆಯಲ್ಲಿ ಬೆಳೆದು, ನೀರು ನಿಭಾಯಿಸಿದರೆ ಮಾತ್ರ ವಿಸ್ತರಿಸುವುದು ಜಾಣತನ.