ಬೇರೆ ಭಾಷೆಯ ಮಗು ಮನೆಗೆ ಬರುವ ಮುನ್ನ

ಕಾರಾ ಎಂದು ಕರೆಯುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿದ, ಮುಂಬೈಯ ಬೈಕುಲ್ಲಾದ ಕನ್ನಡ ದಂಪತಿಗೆ ಒಡಿಶಾದ ಮಗು ಸಿಗಬಹುದು, ಬಂಗಾಳದ್ದು ಸಿಗಬಹುದು, ವಿದರ್ಭದ ಮರಾಠಿ ಮಗುವೂ ಸಿಗಬಹುದು. ಎಳೆಗೂಸಾದರೆ ಭಾಷೆಯ ತೊಡಕು ಹೆಚ್ಚಿರುವುದಿಲ್ಲ. ಮೂರು ವರ್ಷ ದಾಟಿದ ಮಗುವಿನ ಮಾತು ಬೇರೆ. ಹಸಿವು, ಭಯ, ಹಟ, ಮುದ್ದು ಎಲ್ಲವನ್ನೂ ಅದು ಒಂದು ಭಾಷೆಯಲ್ಲಿ ಕಲಿತಿರುತ್ತದೆ. ಊರು, ಹಾಸಿಗೆ, ಜೊತೆಗಾರರು, ಆಯಾ ಎಲ್ಲರನ್ನೂ ಬಿಟ್ಟು ಬರುವ ಮಗುವಿಗೆ ಆ ಭಾಷೆಯೂ ಅದೇ ದಿನ ಕೈತಪ್ಪಬಾರದು. ಆದ್ದರಿಂದ ಮೊದಲು ಕಲಿಯಬೇಕಾದವರು ಮನೆಯ ದೊಡ್ಡವರು.

ಈ ಸಿದ್ಧತೆ ನೋಂದಣಿಯ ಹಂತದಲ್ಲೇ ಶುರುವಾಗಬೇಕು. ಅರ್ಜಿಯಲ್ಲಿ ಮಗುವಿನ ವಯಸ್ಸಿನ ಗುಂಪು, ರಾಜ್ಯ ಮುಂತಾದ ಆಯ್ಕೆಗಳಿರುತ್ತವೆ. ಆ ಮೇಲೆ ಸಮಾಜಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಅಜ್ಜಿಗೆ ತುಳು ಬಿಟ್ಟು ಬೇರೆ ಬಾರದೇ, ಮಗುವಿನ ಜೊತೆ ಹಗಲಿಡೀ ಯಾರಿರುತ್ತಾರೆ ಎಂಬುದನ್ನು ಅವರಿಗೆ ಮುಚ್ಚಿಡದೆ ಹೇಳುವುದು ಒಳ್ಳೆಯದು. ಅವರ ಸಲಹೆ ಮುಂದೆ ಬೇಕಾಗುತ್ತದೆ.

ಮಗುವಿನ ವಿವರ ತೋರಿಸಿದ ಮೇಲೆ ಅದನ್ನು ಕಾಯ್ದಿರಿಸಲು ಸಿಗುವುದು 48 ಗಂಟೆ. ಅಷ್ಟರಲ್ಲಿ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಎರಡನ್ನೂ ಓದಿ ಎರಡು ವಿಷಯ ಹುಡುಕಬೇಕು: ಮಗು ಯಾವ ಭಾಷೆ ಆಡುತ್ತದೆ, ಅದರ ಶ್ರವಣ ಪರೀಕ್ಷೆ ಆಗಿದೆಯೇ. ವರದಿಯಲ್ಲಿ ರಾಜ್ಯದ ಭಾಷೆ ಬರೆದಿದ್ದರೂ ಮಗುವಿನ ಆಡುಮಾತು ಅದೇ ಆಗಿರಬೇಕೆಂದಿಲ್ಲ. ಆದಿವಾಸಿ ಊರಿನಿಂದ ಬಂದ ಮಗುವಿನ ಮಾತು ಒಂದು, ಅದನ್ನು ನೋಡಿಕೊಳ್ಳುವ ದತ್ತು ಕೇಂದ್ರದ ಆಯಾಗಳ ಮಾತು ಇನ್ನೊಂದು ಆಗಿರಬಹುದು. ಕಿವಿಯ ಸ್ಥಿತಿ ಗೊತ್ತಿಲ್ಲದಿದ್ದರೆ, ಮುಂದೆ ಮಗು ಮಾತಾಡದೆ ಕುಳಿತಾಗ ಕಾರಣ ಭಾಷೆಯೋ ಶ್ರವಣದೋಷವೋ ತಿಳಿಯುವುದಿಲ್ಲ.

ಕಾಯ್ದಿರಿಸಿದ ನಂತರ, ಕೇಂದ್ರಕ್ಕೆ ಹೋಗಿ ಒಪ್ಪಿಗೆ ಕೊಡುವವರೆಗಿನ ದಿನಗಳು ಅಮೂಲ್ಯ. ಮುಂಬೈಯವರಲ್ಲಿ ಒಂದು ಭ್ರಮೆ ಇದೆ: ಹಿಂದಿ ಇದ್ದರೆ ಸಾಕು. ಒಡಿಯಾ ಮಾತ್ರ ಕೇಳಿ ಬೆಳೆದ ನಾಲ್ಕು ವರ್ಷದ ಮಗುವಿಗೆ ಹಿಂದಿಯೂ ಕನ್ನಡದಷ್ಟೇ ಅಪರಿಚಿತ. ಕಲಿಯಬೇಕಾದದ್ದು ವ್ಯಾಕರಣವಲ್ಲ, ಐವತ್ತು ಅರವತ್ತು ಮಾತು: ನೀರು, ಅನ್ನ, ಇನ್ನೂ ಬೇಕೇ, ಸಾಕೇ, ಎಲ್ಲಿ ನೋವು, ಉಚ್ಚೆ ಬಂತೇ, ದೀಪ ಆರಿಸಲೇ, ಇಲ್ಲೇ ಇದ್ದೇನೆ, ಈಗ ಬರುತ್ತೇನೆ. ಕೊನೆಯ ಎರಡು ಎಲ್ಲಕ್ಕಿಂತ ಮುಖ್ಯ. ಇವನ್ನು ಪುಸ್ತಕದಿಂದ ಕಲಿಯುವುದಕ್ಕಿಂತ ಆ ಭಾಷೆ ಆಡುವವರ ಬಾಯಿಂದ ಕಲಿಯಬೇಕು. ಮುಂಬೈಯಲ್ಲಿ ಯಾವ ಭಾಷೆಯವರಿಗೂ ಬರವಿಲ್ಲ. ಆದರೆ ಕಲಿಸುವವರಿಗೆ ಮಗುವಿನ ಹಿನ್ನೆಲೆ ಹೇಳುವ ಅಗತ್ಯವಿಲ್ಲ, ಹೇಳಲೂಬಾರದು. ಬಹಿರ್ದೆಸೆಗೆ, ನೋವಿಗೆ, ನಿದ್ದೆಗೆ ಮಗು ತಾನೇ ಬಳಸುವ ಪದಗಳನ್ನು ಕೇಂದ್ರದವರನ್ನು ಕೇಳಿ ಬರೆದುಕೊಳ್ಳಬೇಕು. ಅನುಮತಿ ಸಿಕ್ಕರೆ ಆಯಾ ಹಾಡುವ ಜೋಗುಳವನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಮನೆಯವರ ಮುಖ, ಬಾಗಿಲು, ಹಾಸಿಗೆ, ಕಿಟಕಿಯಾಚೆ ಕಾಣುವ ರಸ್ತೆ, ಇವುಗಳ ಚಿತ್ರಗಳ ಸಣ್ಣ ಆಲ್ಬಮ್ ಮಾಡಿ ಮೊದಲೇ ಕಳುಹಿಸಿದರೆ ಕೇಂದ್ರದವರು ಮಗುವಿಗೆ ಅದರ ಭಾಷೆಯಲ್ಲೇ ತೋರಿಸಿ ಹೇಳುತ್ತಾರೆ.

ಮೊದಲ ಭೇಟಿಯಲ್ಲಿ ಎತ್ತಿಕೊಳ್ಳುವ ಆತುರ ಬೇಡ. ನೆಲದ ಮೇಲೆ ಕುಳಿತು ಚೆಂಡು ಉರುಳಿಸಿದರೆ ಸಾಕು, ಮಗು ತಾನಾಗಿ ಹತ್ತಿರ ಬರಲಿ. ಐದು ವರ್ಷ ಮೇಲ್ಪಟ್ಟ ಮಗುವಿನ ಒಪ್ಪಿಗೆಯನ್ನೂ ಪಡೆಯಬೇಕು. ಅದನ್ನು ಮಗುವಿಗೆ ಅರ್ಥವಾಗುವ ಭಾಷೆಯಲ್ಲೇ ಕೇಳಲಾಯಿತೇ ಎಂದು ಖಚಿತಪಡಿಸಿಕೊಳ್ಳುವುದು ದಂಪತಿಯ ಹೊಣೆ.

ಮನೆಗೆ ಬಂದ ಮೊದಲ ವಾರಗಳಲ್ಲಿ ನೆಂಟರ ಸಾಲು, ಸತ್ಯನಾರಾಯಣ ಪೂಜೆ, ನಾಮಕರಣ ಯಾವುದೂ ಬೇಡ. ಹೆಸರನ್ನಂತೂ ಬದಲಿಸಲು ಹೋಗಬಾರದು. ಹೊಸ ಮನೆಯಲ್ಲಿ ಮಗುವಿಗೆ ಪರಿಚಿತವಾದ ದನಿ ಅದೊಂದೇ ಇರಬಹುದು. ಊಟ, ಸ್ನಾನ, ನಿದ್ದೆ ನಿತ್ಯ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ನಡೆದರೆ ಮುಂದೇನು ಎಂಬುದು ಮಾತಿಲ್ಲದೆಯೂ ಮಗುವಿಗೆ ತಿಳಿಯುತ್ತದೆ. ಉಣಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ಅಪ್ಪ ಅಮ್ಮನೇ ಮಾಡಬೇಕು. ಅಜ್ಜಿ ತನ್ನ ಮಾತಿನಲ್ಲೇ ಹಾಡಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ‘ಅಮ್ಮ ಅನ್ನು, ಅಜ್ಜಿ ಅನ್ನು’ ಎಂದು ಬಂದವರೆದುರು ಹೇಳಿಸುವುದು ತರವಲ್ಲ. ಮಗು ವಾರಗಟ್ಟಲೆ ಬಾಯಿ ಬಿಡದಿರಬಹುದು. ಆಗಲೂ ಅದು ಕೇಳಿಸಿಕೊಂಡು ಕಲಿಯುತ್ತಿರುತ್ತದೆ. ಬೈಕುಲ್ಲಾದ ರಾಣಿ ಬಾಗ್ ಮೃಗಾಲಯ ಹತ್ತಿರವಿದೆಯೆಂದು ಭಾನುವಾರದ ಜನಜಂಗುಳಿಗೆ ಕರೆದೊಯ್ಯಬಾರದು. ವಾರದ ನಡುವೆ ಬೆಳಿಗ್ಗೆ ಹೋದರೆ ಪ್ರಾಣಿ ಪಕ್ಷಿಗಳನ್ನು ತೋರಿಸುತ್ತ ಮಗು ತನ್ನ ಭಾಷೆಯಲ್ಲಿ ಅವುಗಳ ಹೆಸರು ಹೇಳಲು, ದೊಡ್ಡವರು ಅದನ್ನು ಕಲಿಯಲು ಒಳ್ಳೆಯ ಅವಕಾಶ. ಬುಧವಾರ ಮಾತ್ರ ಮೃಗಾಲಯಕ್ಕೆ ರಜೆ.

ಕನ್ನಡ ತಾನಾಗಿ ಬರುತ್ತದೆ. ಅದಕ್ಕಿಂತ ಬೇಗ ಹಳೆಯ ಭಾಷೆ ಹೋಗುತ್ತದೆ. 3ರಿಂದ 8ನೇ ವಯಸ್ಸಿನಲ್ಲಿ ಕೊರಿಯಾದಿಂದ ಫ್ರಾನ್ಸ್‌ಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಸಂಶೋಧಕ ಕ್ರಿಸ್ತೋಫ್ ಪಾಲಿಯೆ ಮತ್ತು ಸಂಗಡಿಗರು ಪರೀಕ್ಷಿಸಿ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಕೊರಿಯನ್ ವಾಕ್ಯಗಳನ್ನು ಗುರುತಿಸುವಲ್ಲಿ ಅವರು ಆ ಭಾಷೆಯನ್ನೇ ಅರಿಯದ ಫ್ರೆಂಚರಿಗಿಂತ ಮೇಲಿರಲಿಲ್ಲ. ಮಗುವಿನ ಭಾಷೆ ಉಳಿಯಬೇಕಾದರೆ ಮನೆಯವರು ಪಣ ತೊಡಬೇಕು: ವಾರಕ್ಕೊಮ್ಮೆ ಆ ಭಾಷೆಯವರ ಒಡನಾಟ, ಆ ಭಾಷೆಯ ಹಾಡು, ಕಥೆ. ಶಾಲೆಯಲ್ಲಿ ಮರಾಠಿ ಹೇಗೂ ಕಡ್ಡಾಯ. ಮಹಾರಾಷ್ಟ್ರ 2020ರಲ್ಲೇ ಅದಕ್ಕೆ ಕಾನೂನು ಮಾಡಿದೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಒಮ್ಮೆಗೇ ಹೇರುವ ಬದಲು, ಮಗು ಮನೆಗೆ ಹೊಂದಿಕೊಂಡ ಮೇಲೆ ಶಾಲೆಗೆ ಸೇರಿಸುವುದು ಲೇಸು.

ತಿಂಗಳುಗಳು ಕಳೆದರೂ ಮಗು ತನ್ನ ಭಾಷೆಯಲ್ಲೂ ಮಾತಾಡದಿದ್ದರೆ, ಕರೆದಾಗ ತಿರುಗದಿದ್ದರೆ ಕಾಯುತ್ತ ಕೂರಬಾರದು. ಬಾಂದ್ರಾ ರೆಕ್ಲಮೇಶನ್‌ನ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಶ್ರವಣ ಮತ್ತು ಮಾತಿನ ಪರೀಕ್ಷೆ ಮಾಡುತ್ತಾರೆ. ಪರೇಲ್‌ನ ವಾಡಿಯಾ ಮಕ್ಕಳ ಆಸ್ಪತ್ರೆಯೂ ಇದೆ. ಪರೀಕ್ಷೆಯ ದಿನ ಮಗುವಿನ ಭಾಷೆ ಬಲ್ಲವರೊಬ್ಬರು ಜೊತೆಗಿರಬೇಕು, ಇಲ್ಲದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ದತ್ತು ನಂತರದ ಎರಡು ವರ್ಷ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಬರೆಯಲು ಸಮಾಜಕಾರ್ಯಕರ್ತರು ಬರುತ್ತಾರೆ. ಮಗು ಯಾವ ಭಾಷೆಯಲ್ಲಿ ಅಳುತ್ತದೆ, ಯಾವುದರಲ್ಲಿ ಆಡುತ್ತದೆ, ನಿದ್ದೆಯಲ್ಲಿ ಏನು ಕನವರಿಸುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಮೇತ ಬರೆದಿಟ್ಟಿದ್ದರೆ ಆ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಸಿದ್ಧವಾಗಿರುತ್ತವೆ.