ಇಪ್ಪತ್ತರ ಗೆರೆಯಲ್ಲಿ ಎಷ್ಟು ಔಷಧ?

ಔಷಧಗಳ ಹೆಸರು ನೆನಪಿನಲ್ಲಿ ಉಳಿಯುತ್ತಿಲ್ಲ, ವಾರ್ಡಿನಲ್ಲಿ ಇಂಜೆಕ್ಷನ್ ಕೊಡಲು ಭಯ ಎಂದು ಬರೆದಿದ್ದೀರಿ. ನೆನಪಿನ ಬಗೆಗಿನ ನಿಮ್ಮ ಚಿಂತೆ ಸ್ವಲ್ಪ ಅತಿಯಾಯಿತು. ಹೆಸರು, ಡೋಸ್ ಎರಡೂ ಬಾಯಿಪಾಠ ಇದ್ದವರ ಕೈಯಲ್ಲೂ ಅನಾಹುತ ಆಗಬಹುದು. ಇನ್ಸುಲಿನ್ನನ್ನೇ ನೋಡಿ. ನಮ್ಮ ದೇಶದಲ್ಲಿ ಯು-40 ವಯಲ್‌ಗಳು ಸಾಮಾನ್ಯ, ಅಂದರೆ ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್ ಸಾಮಾನ್ಯವಾಗಿ ಯು-100. ಸಿರಿಂಜೂ ಎರಡು ಬಗೆ: ಕೆಂಪು ಮುಚ್ಚಳದ್ದು ಯು-40ಕ್ಕೆ, ಕಿತ್ತಳೆ ಮುಚ್ಚಳದ್ದು ಯು-100ಕ್ಕೆ. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಅದರಲ್ಲಿ ಯು-100 ಎಳೆದರೆ ರೋಗಿಯ ಮೈಗೆ ಹೋಗುವುದು 50 ಯೂನಿಟ್, ಡಾಕ್ಟರ್ ಬರೆದ 20ರ ಎರಡೂವರೆ ಪಟ್ಟು. ಅದಲುಬದಲಾಗಿ ಕಿತ್ತಳೆ ಸಿರಿಂಜಿನ 20ರ ಗೆರೆಗೆ ಯು-40 ಎಳೆದರೆ ಬರೀ 8. ಡೋಸ್ ಸರಿಯಾಗಿ ನೆನಪಿದ್ದೂ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಥವಾ ಏರುವುದು ಹೀಗೆ. ಆದ್ದರಿಂದ ಮೊದಲು ಕಲಿಯಬೇಕಾದ್ದು ಲೇಬಲ್ಲಿನ ಸಾಂದ್ರತೆಯನ್ನೂ ಸಿರಿಂಜನ್ನೂ ಜೋಡಿಸಿ ಓದುವುದನ್ನು.

ಬಣ್ಣವೇ ಇದೆಯಲ್ಲ ಎನ್ನಬಹುದು. ಮುಚ್ಚಳ ತೆಗೆದು ಟ್ರೇಯಲ್ಲಿಟ್ಟ ಮೇಲೆ ಬಣ್ಣ ಎಲ್ಲಿ? ಸಿರಿಂಜಿನ ಮೈಮೇಲಿನ ಅಕ್ಷರವನ್ನೇ ನಂಬಿ. ಇನ್ನು, ಕೊಡುವ ಮೊದಲು ಡೋಸನ್ನು ಇಬ್ಬರು ಪರೀಕ್ಷಿಸಬೇಕು ಎಂದರೆ, ಮೂವತ್ತು ರೋಗಿಗಳ ವಾರ್ಡಿನಲ್ಲಿ ಅದಕ್ಕೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ. ಇದು ನ್ಯಾಯವೇ. ಪ್ಯಾರಸಿಟಮಾಲ್ ಮಾತ್ರೆಗೆಲ್ಲ ಇಬ್ಬರು ಬೇಡ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥವಕ್ಕೆ ಬೇಕು. ಎರಡನೆಯವರು ನಿಮ್ಮ ಲೆಕ್ಕ ಕೇಳಿ ತಲೆಯಾಡಿಸಿದರೆ ಅದು ಪರೀಕ್ಷೆಯಲ್ಲ, ಅವರೇ ಬೇರೆಯಾಗಿ ಲೆಕ್ಕ ಹಾಕಬೇಕು. ಸೀನಿಯರ್ ಸಿಸ್ಟರ್ ಗದರಿದರೂ ಈ ಪರೀಕ್ಷೆ ಮಾಡಿಕೊಡಲು ಕೇಳಿ. ಅನುಮಾನ ಉಳಿದರೆ ಔಷಧ ಕೊಡದೆ ಡಾಕ್ಟರಿಗೆ ತಿಳಿಸಿ.